ಐದನೇ ಸಾಲಿನ ನಾಗರಾಜಣ್ಣ

ಹೊರಡುವ ಮೊದಲು

ನಮ್ಮ ಪೂಲ್ ತಂಡದಲ್ಲಿ ಚೀಟಿ ಬರೆಯುವ ಕೆಲಸ ನನಗೆ ಸಿಕ್ಕಿದ್ದು ಆಟದ ಬಲದಿಂದಲ್ಲ, ಬಾಯಿಯ ಬಲದಿಂದ. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದವಳು ನಾನು. ಪರ ಎಂದರೆ ಪರ, ವಿರೋಧ ಎಂದರೆ ವಿರೋಧ, ಐದು ನಿಮಿಷ ಕೊಟ್ಟರೆ ಸಾಕು. ಯಾರನ್ನು ಯಾರೆದುರು, ಎಷ್ಟನೆಯವರಾಗಿ ಇಳಿಸಬೇಕೆಂದು ತಂಡದಲ್ಲಿ ಪ್ರತಿ ಪಂದ್ಯಕ್ಕೂ ಜಗಳವಾಗುತ್ತಿತ್ತು. ಕೊನೆಗೊಂದು ದಿನ ನಮ್ಮ ಕ್ಯಾಪ್ಟನ್ ಶಶಿಯಣ್ಣ ಪೆನ್ನನ್ನು ನನ್ನ ಕೈಗೆ ತುರುಕಿದರು.

"ತಗೋ ಸಿಂಚನಾ, ಇನ್ನು ನೀನೇ ಬರಿ. ಸೋತರೆ ನಿನ್ನ ಬಾಯಾದ್ರೂ ಮುಚ್ಚುತ್ತೆ."

ಲೀಗ್ ಅಂದರೆ ದೊಡ್ಡದೇನೂ ಅಲ್ಲ. ಗಡಿಯ ಈಚೆಗೂ ಆಚೆಗೂ ಇರುವ ಕೆಲವು ಊರುಗಳಲ್ಲಿ ಕೋಲು ಹಿಡಿದು ಟೇಬಲ್ಲಿನ ತೂತುಗಳಿಗೆ ಚೆಂಡು ತಳ್ಳುವ ಹವ್ಯಾಸಿಗಳು ಸೇರಿ ಮಾಡಿಕೊಂಡದ್ದು. ಒಂದೊಂದು ತಂಡಕ್ಕೆ ಐದು ಜನ, ಪಂದ್ಯಕ್ಕೆ ಐದು ಆಟ, ಒಬ್ಬರಿಗೆ ಒಂದೇ ಆಟ. ಮೊದಲ ಆಟಕ್ಕೆ ಒಂದು ತಂಡ ತನ್ನವರ ಹೆಸರು ಮುಂದಿಡುತ್ತದೆ. ಅದನ್ನು ಕೇಳಿಸಿಕೊಂಡು ಇನ್ನೊಂದು ತಂಡ ಉತ್ತರ ಕೊಡುತ್ತದೆ. ಎರಡನೇ ಆಟಕ್ಕೆ ಸರದಿ ತಿರುಗುತ್ತದೆ. ಹೀಗೆ ನಾಲ್ಕು ಆಟ ಕಳೆದ ಮೇಲೆ ಎರಡೂ ಕಡೆ ಉಳಿದ ಒಬ್ಬೊಬ್ಬರು ಐದನೆಯದನ್ನು ಆಡುತ್ತಾರೆ. ಆಟ ಟೇಬಲ್ಲಿನ ಮೇಲೆ ನಡೆಯುತ್ತದೆ ಎಂದು ಆಡುವವರು ತಿಳಿದಿರುತ್ತಾರೆ. ಅರ್ಧ ಪಂದ್ಯ ಚೀಟಿಯಲ್ಲೇ ಮುಗಿದಿರುತ್ತದೆ ಎಂಬುದು ನನ್ನ ವಾದ.

ಮೈಸೂರಿನಿಂದ ಕೊಯಮತ್ತೂರಿಗೆ ಹೋಗಿಬಂದದ್ದನ್ನೂ ಪ್ರವಾಸ ಅನ್ನುತ್ತಾರೆಯೇ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಬಸ್ಸಿನ ಬೋರ್ಡು ಓದಲು ಬಾರದ ಊರೆಲ್ಲ ನನ್ನ ಲೆಕ್ಕದಲ್ಲಿ ಪರದೇಶವೇ.

ಪೋತ್ತನೂರು

ಶನಿವಾರದ ಪಂದ್ಯ ಪೋತ್ತನೂರಿನಲ್ಲಿ, ರೈಲ್ವೆ ಕೆಲಸಗಾರರ ತಂಡದ ಮೇಲೆ. ರೈಲು ಹಳಿಯ ಪಕ್ಕದ ಹಾಲ್. ಗಾಡಿ ಹೋದಾಗಲೆಲ್ಲ ಗೋಡೆ ನಡುಗುತ್ತಿತ್ತು. ಆ ಊರಿನವರು ಮಾತಾಡುತ್ತಿದ್ದವರು ಅಲ್ಲೇ ಮಾತು ನಿಲ್ಲಿಸಿ, ಗಾಡಿ ದಾಟಿದ ಮೇಲೆ ಅದೇ ಪದದಿಂದ ಮುಂದುವರಿಸುತ್ತಿದ್ದರು. ನಾವು ಮಾತ್ರ ಗಾಡಿಯ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ಹರಿದುಕೊಂಡೆವು.

ಮೊದಲ ಎಡವಟ್ಟು ನನ್ನದೇ. ಚೀಟಿಯನ್ನು ಕನ್ನಡದಲ್ಲಿ ಬರೆದು ಕೊಟ್ಟೆ. ಅವರ ಕ್ಯಾಪ್ಟನ್ ಅದನ್ನು ತಿರುಗಿಸಿ, ಬೆಳಕಿಗೆ ಹಿಡಿದು, ಕೊನೆಗೆ ಕೈಮುಗಿದು ವಾಪಸ್ಸು ಕೊಟ್ಟರು. ಅವರ ಚೀಟಿ ತಮಿಳಿನಲ್ಲಿತ್ತು; ನಾನೂ ಕೈಮುಗಿದೆ. ಆಮೇಲೆ ಇಬ್ಬರೂ ಬಾಯಲ್ಲಿ ಹೇಳುವುದೆಂದಾಯಿತು.

ಎರಡನೇ ಎಡವಟ್ಟಿಗೆ ನನ್ನ ಬಳಿ ಸಬೂಬಿಲ್ಲ. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವವನು ರಫೀಕ್. ಅವನ ಹೆಸರನ್ನು ನಾನೇ ಮೊದಲು ಮುಂದಿಟ್ಟೆ, ಹೆದರಲಿ ಎಂದು. ಅವರು ಹೆದರಲಿಲ್ಲ. ದಪ್ಪ ಕನ್ನಡಕದ ಒಬ್ಬ ನಿವೃತ್ತ ಫಿಟ್ಟರನ್ನು ಅವನೆದುರು ಕಳಿಸಿದರು. ಅವರು ಬಿಳಿ ಚೆಂಡನ್ನೂ ಕಪ್ಪು ಚೆಂಡನ್ನೂ ಕೈಯಲ್ಲಿ ಮುಟ್ಟಿ ನೋಡಿ ಆಡುವವರು. ರಫೀಕ್ ನಾಲ್ಕು ನಿಮಿಷದಲ್ಲಿ ಗೆದ್ದ. ಅವರ ಒಳ್ಳೆಯ ಮೂವರು ನಮ್ಮ ಉಳಿದವರಲ್ಲಿ ಮೂವರನ್ನು ಬಡಿದು ಹಾಕಿದರು.

"ಹುಲೀನ ಇಲಿ ಹಿಡಿಯೋಕೆ ಕಳಿಸಿದೆ ತಾಯಿ," ಅಂದ ರಫೀಕ್.

ಸೋತದ್ದಕ್ಕೆ ಬಹುಮಾನವೆಂಬಂತೆ ಆ ಫಿಟ್ಟರ್ ತಾತ ನಮಗೆಲ್ಲ ಟೀ ಕೊಡಿಸಿದರು. ಗುರು ನಮ್ಮಲ್ಲಿ ಎಲ್ಲರಿಗಿಂತ ಕೆಟ್ಟದಾಗಿ ಆಡುವವನು, ಆದರೆ ಅವನಿಗೆ ತಮಿಳು ಬರುತ್ತದೆ. ತಾತ ಹೇಳಿದ್ದನ್ನು ಅವನೇ ನಮಗೆ ದಾಟಿಸಿದ.

"ನಾಳೆ ಪಲ್ಲಡಂ ಹತ್ರದ ನೇಕಾರರ ತಂಡದ ಮೇಲೆ ತಾನೇ ನಮ್ದು? ಅವರ ಐದನೇ ಸಾಲಲ್ಲಿ ಒಬ್ಬರಿದ್ದಾರಂತೆ. ನಾಗರಾಜಣ್ಣ. ಈ ಸೀಸನ್ನಲ್ಲಿ ಅವರನ್ನ ಯಾರೂ ಸೋಲಿಸಿಲ್ಲವಂತೆ."

"ಅಷ್ಟು ಚೆನ್ನಾಗಿ ಆಡ್ತಾರಾ?"

ಗುರು ತಾತನನ್ನು ಕೇಳಿದ. ತಾತ ಲೋಟ ಕೆಳಗಿಟ್ಟು ಒಂದೇ ಮಾತಿನಲ್ಲಿ ಉತ್ತರಿಸಿದರು. ಗುರು ತಾನೂ ಲೋಟ ಕೆಳಗಿಟ್ಟ.

"ಏನಂತೆ?"

"ಸತ್ತುಹೋಗಿದ್ದಾರಂತೆ."

ಪಲ್ಲಡಂ ರಸ್ತೆ

ಭಾನುವಾರ ಬೆಳಗ್ಗೆ ಬಸ್ಸಿನಲ್ಲಿ ಒಂದು ಗಂಟೆ ಪೂರ್ತಿ ನಾನೇ ಮಾತಾಡಿದೆನಂತೆ. ಇರಬಹುದು.

ನನ್ನ ವಾದ ಸರಳ. ಎದುರಾಳಿ ಇಲ್ಲವೆಂದರೆ ಆ ಆಟ ನಮ್ಮದು, ಲೀಗಿನ ನಿಯಮ ಹಾಗೇ ಹೇಳುತ್ತದೆ. ಆದರೆ ಅಲ್ಲಿಗೆ ಹೋದ ತಂಡಗಳು ವಾಕ್‌ಓವರ್ ಕೇಳುವುದಿಲ್ಲವಂತೆ, ಸತ್ತವರ ಎದುರು ಒಬ್ಬರನ್ನು ಇಳಿಸುತ್ತವಂತೆ. ಯಾರನ್ನು ಇಳಿಸುತ್ತಾರೆ? ಪುಕ್ಕಟೆ ಗೆಲುವೆಂದು ತಮ್ಮ ಅತಿ ದುರ್ಬಲನನ್ನು. ದುರ್ಬಲ ಏನು ಮಾಡುತ್ತಾನೆ? ಒಬ್ಬನೇ ಆಡಿದರೂ ತಪ್ಪು ಮಾಡುತ್ತಾನೆ. ತನ್ನ ಏಳು ಚೆಂಡು ಮುಗಿಯುವ ಮೊದಲೇ ಕಪ್ಪು ಚೆಂಡನ್ನು ಬೀಳಿಸುತ್ತಾನೆ, ಇಲ್ಲವೇ ಕಪ್ಪಿನ ಜೊತೆ ಬಿಳಿಯನ್ನೂ ಬೀಳಿಸುತ್ತಾನೆ. ಎಂಟು ನಂಬರಿನ ಆಟದಲ್ಲಿ ಸೋಲಲು ಇನ್ನೊಬ್ಬರ ಸಹಾಯ ಬೇಕಿಲ್ಲ. ಇದರಲ್ಲಿ ದೆವ್ವದ ಪಾತ್ರ ಎಲ್ಲಿ ಬಂತು?

"ಹಾಗಾದ್ರೆ ನಮ್ಮಲ್ಲಿ ಯಾರನ್ನ ಇಳಿಸ್ತೀಯ?" ಗುರು ಕೇಳಿದ.

ಎಲ್ಲರೂ ಕಿಟಕಿಯ ಆಚೆ ನೋಡಿದರು.

"ನಿನ್ನನ್ನೇ ಕಣೋ."

"ಗೊತ್ತಿತ್ತು," ಅಂದ ಗುರು.

ರಸ್ತೆಯ ಎರಡೂ ಬದಿ ತೆಂಗು, ಕೋಳಿ ಫಾರಂ, ಮತ್ತೆ ತೆಂಗು. ಊರು ಹತ್ತಿರವಾದಂತೆ ಒಂದು ಸದ್ದು ಶುರುವಾಯಿತು, ಮನೆ ಮನೆಯೊಳಗಿನಿಂದ ಯಂತ್ರದ ಮಗ್ಗಗಳದು. ನಮ್ಮ ಕಡೆ ಭಾನುವಾರ ಊರು ಸುಮ್ಮನಿರುತ್ತದೆ. ಇಲ್ಲಿ ಬಸ್ಸಿಳಿದಾಗ ನೆಲವೇ ಹಲ್ಲು ಕಡಿಯುತ್ತಿರುವಂತೆ ಕೇಳುತ್ತಿತ್ತು. ಹತ್ತು ನಿಮಿಷದಲ್ಲಿ ಕಿವಿ ಒಗ್ಗಿಕೊಂಡಿತು, ಆಮೇಲೆ ಆ ಸದ್ದು ಇದೆ ಎಂಬುದೇ ಮರೆತುಹೋಯಿತು.

ತರಿಕೂಡ

ಅವರ ಟೇಬಲ್ಲು ಇದ್ದದ್ದು ಕೈಮಗ್ಗದ ಹಳೆಯ ಶೆಡ್ಡಿನಲ್ಲಿ. ಮಗ್ಗಕ್ಕೆ ಅವರು ತಮಿಳಿನ ಹಾಗೆ ತರಿ ಎನ್ನುತ್ತಾರೆ, ಶೆಡ್ಡಿಗೆ ತರಿಕೂಡ. ನೇಕಾರ ಕಾಲಿಳಿಬಿಟ್ಟು ಕೂರುತ್ತಿದ್ದ ಗುಂಡಿಗಳನ್ನು ಮುಚ್ಚಿ ಸಿಮೆಂಟು ಬಳಿದಿದ್ದರು. ಹೊಸ ಸಿಮೆಂಟು ಹಳೆಯದಕ್ಕಿಂತ ಬಿಳಿ. ಹಾಗಾಗಿ ನೆಲದ ಮೇಲೆ ಎರಡು ಸಾಲು ಚೌಕಗಳು ಕಾಣುತ್ತಿದ್ದವು, ಒಂದೊಂದೂ ಒಬ್ಬ ಮನುಷ್ಯ ಸೊಂಟದವರೆಗೆ ಇಳಿಯುವಷ್ಟು. ನಡುವೆ ಹಸಿರು ಟೇಬಲ್ಲು. ಮಾಡಿನ ಒಂದು ಗಾಜಿನ ಹೆಂಚಿನಿಂದ ಬಿಸಿಲು ನೇರ ಅದರ ಮೇಲೆ ಬೀಳುತ್ತಿತ್ತು.

"ಬನ್ನೀಂಗ, ಬನ್ನೀಂಗ. ಮೈಸೂರಿಂದ ಕನ್ನಡದೋರು ಬಂದಿದೀರಿ, ನಮ್ಗೆ ರೊಂಬ ಸಂತೋಷ. ಚಪ್ಲಿ ಆಚೆ ಬಿಡೀಂಗ."

ಹೀಗೆ ಸ್ವಾಗತಿಸಿದವರು ಅವರ ಕ್ಯಾಪ್ಟನ್ ಸೆಲ್ವಣ್ಣ. ಈ ಮನೆತನದವರು ತಲೆಮಾರುಗಳಿಂದ ಅಲ್ಲೇ ಇದ್ದು, ಮನೆಯೊಳಗೆ ಇನ್ನೂ ಕನ್ನಡವನ್ನೇ ಆಡುತ್ತಾರೆ. ಓದಲು ಬಾರದು. ಪ್ರತಿ ಮಾತಿನ ಬಾಲಕ್ಕೂ ಆ ಸೀಮೆಯ ಮರ್ಯಾದೆಯ 'ಂಗ' ನೇತಾಡುತ್ತದೆ. ನಮ್ಮಲ್ಲಿ ಮರ್ಯಾದೆ ಕೊಟ್ಟು ಜಗಳವಾಡುವುದು ಕಷ್ಟ, ಅವರಿಗೆ ಅದು ಸಲೀಸು.

ಗೋಡೆಗೆ ಒರಗಿಸಿದ ಕೋಲುಗಳ ಪಕ್ಕದಲ್ಲಿ ಎರಡು ಕಬ್ಬಿಣದ ಕುರ್ಚಿ. ಒಂದು ಖಾಲಿ. ಇನ್ನೊಂದರಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು, ಮಡಿಲಲ್ಲಿ ಅಡ್ಡಲಾಗಿ ಒಂದು ಕೋಲು. ಸೆಲ್ವಣ್ಣನ ಅತ್ತಿಗೆ, ಸರೋಜಕ್ಕ. ನಾಗರಾಜಣ್ಣ ಅವರ ಗಂಡ.

ನಿಯಮವನ್ನು ಸೆಲ್ವಣ್ಣ ಮುಚ್ಚುಮರೆಯಿಲ್ಲದೆ ಹೇಳಿದರು. ಸೀಸನ್ ಶುರುವಾಗುವ ಮುಂಚೆ ಐವರ ಪಟ್ಟಿಯನ್ನು ಬರೆದವರು ನಾಗರಾಜಣ್ಣನೇ. ಬರೆದ ವಾರಕ್ಕೆ ಎದೆನೋವು ಬಂದು ಹೋದರು.

"ತರಿ ಮೇಲೆ ಪಾವು ಏರ್ಸಿದ್ರೆ, ನಡುವೆ ಕೊಯ್ಯೋದು ನಮ್ಮ ಮನೇಲಿ ಇಲ್ಲೀಂಗ. ನೇಯೋನು ಸತ್ತರೂ ಅದು ಮುಗಿಯೋ ತನಕ ತರಿಯಲ್ಲೇ ಇರ್ಬೇಕು. ಹಂಗೇ ಅಣ್ಣನ ಹೆಸರೂನು. ಆಟದಲ್ಲಿ ಸೋತರೆ ತೆಗೀತೀವಿ. ಸೋಲೋ ತನಕ ಇರ್ತದೆ."

ಪಾವು ಎಂದರೆ ಹಾಸು, ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ನೂಲು.

"ಅವರು ಆಡೋದು ಹೇಗೆ?" ನಾನು ಕೇಳಿದೆ.

"ನೀವು ಒಬ್ಬರೇ ಆಡೋದು. ಗುರಿ ತಪ್ಪಿದ್ರೆ ಬಂದು ಆ ಖಾಲಿ ಕುರ್ಚೀಲಿ ಕೂತ್ಕೊಳ್ಳೀಂಗ. ಅಣ್ಣನ ಸರದಿ. ಅವರಿಗೆ ಎಷ್ಟು ಹೊತ್ತು ಬೇಕೋ ಅತ್ತಿಗೆಗೆ ಗೊತ್ತು. ಅತ್ತಿಗೆ ಆಯ್ತು ಅಂದ್ರೆ ಎದ್ದು ಮತ್ತೆ ಆಡೀಂಗ."

"ಅಂದ್ರೆ ಅವರ ಏಳು ಚೆಂಡೂ ಹಾಗೇ ಇರುತ್ತವೆ."

"ಆಮಾ, ಹೌದೀಂಗ."

"ನಿಯಮದ ಪ್ರಕಾರ ನಾವು ವಾಕ್‌ಓವರ್ ಕೇಳಬಹುದಲ್ವಾ?"

ಶಶಿಯಣ್ಣ ನನ್ನ ಕಾಲು ತುಳಿದರು. ಸೆಲ್ವಣ್ಣ ನಕ್ಕರು.

"ಕೇಳಬಹುದು ಅಮ್ಮಣಿ. ಇದು ತನಕ ಯಾರೂ ಕೇಳಿಲ್ಲ."

ಸರೋಜಕ್ಕ ಆಗ ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದರು.

ಪಂದ್ಯ ಶುರುವಾಯಿತು. ಗೆದ್ದರೆ ನಾವು ಫೈನಲ್ಲಿಗೆ. ಟಾಸ್ ಪ್ರಕಾರ ಮೊದಲ ಹೆಸರು ಅವರದು. ಅವರು ಬಣ್ಣದಂಗಡಿಯ ಮಣಿ ಎಂದರು, ನಾನು ನಮ್ಮ ತಂಡದ ಡೇವಿಡ್ ಎಂದೆ, ಡೇವಿಡ್ ಗೆದ್ದ. ಎರಡನೆಯದಕ್ಕೆ ನಾನು ಶಶಿಯಣ್ಣನನ್ನು ಮುಂದಿಟ್ಟೆ, ಅವರು ಸೆಲ್ವಣ್ಣನನ್ನು ಕೊಟ್ಟರು, ಶಶಿಯಣ್ಣ ಸೋತರು. ಮೂರನೆಯದಕ್ಕೆ ಅವರು ಒಬ್ಬ ಮೇಷ್ಟ್ರನ್ನು ಇಟ್ಟರು. ಕಾದಿರಿಸಿದ್ದ ರಫೀಕನನ್ನು ಈಗ ಬಿಟ್ಟೆ. ಎರಡು, ಒಂದು.

ನಮ್ಮಲ್ಲಿ ಉಳಿದವರು ನಾನು, ಗುರು. ಅವರಲ್ಲಿ ಉಳಿದವರು ಅವರ ಅತ್ಯುತ್ತಮ ಆಟಗಾರ ದೊರೈ ಮತ್ತು ನಾಗರಾಜಣ್ಣ. ಅವರ ಹಳೆಯ ಪಂದ್ಯಗಳ ಚೀಟಿಗಳನ್ನು ಗುರುವಿನಿಂದ ಓದಿಸಿಕೊಂಡಿದ್ದೆ: ನಾಗರಾಜಣ್ಣ ಪ್ರತಿ ಪಂದ್ಯದಲ್ಲೂ ಐದನೇ ಸಾಲಿನಲ್ಲೇ. ಹಾಗಾದರೆ ನಾಲ್ಕನೆಯದಕ್ಕೆ ನಾನು ಇಳಿದರೆ ದೊರೈ ಬರುತ್ತಾನೆ. ಸೋತರೂ ಪರವಾಗಿಲ್ಲ, ಐದನೆಯದರಲ್ಲಿ ಗುರುವಿಗೆ ಖಾಲಿ ಕುರ್ಚಿಯೇ ಎದುರಾಳಿ. ಬಸ್ಸಿನ ವಾದವನ್ನೇ ಮತ್ತೆ ಒಪ್ಪಿಸಿ, ಅವಸರ ಮಾಡಬೇಡ, ಕಪ್ಪನ್ನು ಮೆಲ್ಲಗೆ ತಳ್ಳು ಎಂದು ಅವನಿಗೆ ಪಾಠ ಹೇಳುತ್ತಿರುವಾಗಲೇ ಊಟಕ್ಕೆ ಕರೆದರು.

ನೀರಿನ ತೊಟ್ಟಿ

ಆ ಮನೆಯಲ್ಲಿ ಅತಿಥಿಗಳು ಎಲೆಯನ್ನು ತಮ್ಮ ಕಡೆಗೆ ಮಡಚಿದರೋ ಆಚೆಗೆ ಮಡಚಿದರೋ ಎಂದು ಗಮನಿಸುತ್ತಾರೆ. ಗುರು ಮಡಚಲೇ ಇಲ್ಲ, ಅದಕ್ಕೆ ಅವನಿಗೆ ಇನ್ನೊಮ್ಮೆ ಅನ್ನ ಬಿತ್ತು. ನಾನು ಕೈ ತೊಳೆಯಲು ಹಿತ್ತಲಿಗೆ ಹೋದೆ. ತೊಟ್ಟಿಯ ಹತ್ತಿರ ಸರೋಜಕ್ಕ ನಿಂತಿದ್ದರು. ಚೊಂಬಿನಲ್ಲಿ ನೀರು ಮೊಗೆದು ನನ್ನ ಕೈ ಮೇಲೆ ಹಾಕಿದರು.

"ನೀನು ತುಂಬ ಮಾತಾಡ್ತೀಯ ಕಣ್ಣು." ಕಣ್ಣು ಅಂದರೆ ಅಲ್ಲಿ ಮುದ್ದಿನ ಕರೆ, ನಮ್ಮ ಚಿನ್ನದ ಹಾಗೆ.

"ಅಭ್ಯಾಸ ಆಗಿಹೋಗಿದೆ ಅಕ್ಕಾ."

"ಆಗ ಆ ಹುಡುಗನಿಗೆ ಹೇಳ್ತಿದ್ದದ್ದು ಕೇಳ್ಸ್ಕೊಂಡೆ. ದುರ್ಬಲದೋರನ್ನ ಕಳಿಸ್ತಾರೆ, ಅದಕ್ಕೆ ಸೋಲ್ತಾರೆ ಅಂದೆ. ಅಲ್ಲ. ನಲ್ಲಾ ಆಡೋರೂ ಬಂದವರೆ. ಎಲ್ಲಾರೂ ಕಡೇಲಿ ನನ್ನ ಮುಖ ನೋಡ್ತಾರೆ, ಅಪ್ಪುರಂ ಬಿಳೀನ ತಾವೇ ತೂತೊಳಕ್ಕೆ ಬಿಡ್ತಾರೆ. ಪಾವಂ ಅಂತ."

ನನಗೆ ನಾಚಿಕೆಯಾಯಿತು. ಬಸ್ಸಿನಲ್ಲಿ ಒಂದು ಗಂಟೆ ವಾದ ಮಾಡಿದ್ದೆ. ಕನಿಕರ ಎಂಬ ಕಾರಣ ನನ್ನ ತಲೆಗೆ ಹೊಳೆದೇ ಇರಲಿಲ್ಲ.

"ಸೆಲ್ವನಿಗೆ ಗೊತ್ತು. ಅವನಿಗೆ ಅದೇ ಬೇಕು, ಅಣ್ಣ ಇರ್ತಾನೆ ಅಂತ. ಆದ್ರೆ ನಮ್ಮನೆಯೋರು ಅಂಥೋರಲ್ಲ. ಯಾರಾದ್ರೂ ಬಿಟ್ಟುಕೊಟ್ರೆ ಕೋಲು ಬಿಸಾಕಿ ಎದ್ದು ಬರೋರು. ಎರಡು ದಿನ ಊಟ ಮಾಡೋರಲ್ಲ. ಈಗ ಇಷ್ಟು ಆಟ ಭಿಕ್ಷೆ ಹಾಕಿಸ್ಕೊಂಡು ಕೂತವರೆ. ಹೋಗೋಕೂ ಆಗ್ತಿಲ್ಲ, ಇರೋಕೂ ಆಗ್ತಿಲ್ಲ." ಅವರು ಚೊಂಬನ್ನು ಬೋರಲು ಹಾಕಿದರು. "ಒಂದು ನಿಜವಾದ ಆಟ ಬೇಕು ಅವರಿಗೆ. ನೀನಾಗಿದ್ರೆ ಬಿಟ್ಟುಕೊಡ್ತಿದ್ದೆಯಾ?"

"ನಾನಾ? ನಮ್ಮಮ್ಮನ ಹತ್ರ ಚೌಕಾಬಾರದಲ್ಲೂ ಬಿಟ್ಟುಕೊಟ್ಟಿಲ್ಲ ಅಕ್ಕಾ."

ಅವರು ತಲೆಯಾಡಿಸಿ ಒಳಗೆ ಹೋದರು. ಅದೊಂದು ಸಂದರ್ಶನ, ನಾನು ಪಾಸಾದೆ ಎಂಬುದು ನನಗೆ ತಿಳಿಯಲಿಲ್ಲ.

ನಾಲ್ಕನೇ ಆಟ

"ನಾಲ್ಕನೆಯದಕ್ಕೆ ಸಿಂಚನಾ," ಎಂದೆ.

ದೊರೈ ಆಗಲೇ ಎದ್ದು ಕೋಲಿಗೆ ಚಾಕ್ ಉಜ್ಜುತ್ತಿದ್ದ. ಸೆಲ್ವಣ್ಣ ಅವನ ಕಡೆ ನೋಡಲಿಲ್ಲ. ಅತ್ತಿಗೆಯ ಕಡೆ ನೋಡಿದರು, ಇಷ್ಟವಿಲ್ಲದವರ ಹಾಗೆ. ಸರೋಜಕ್ಕ ಕಣ್ಣು ಕದಲಿಸಲಿಲ್ಲ.

"ಅಮ್ಮಣಿಗೆ," ಸೆಲ್ವಣ್ಣ ಗಂಟಲು ಸರಿಮಾಡಿಕೊಂಡರು, "ನಾಗರಾಜಣ್ಣ."

ದೊರೈ ಮೆಲ್ಲಗೆ ಕೂತ. ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ಐದನೆಯದರಲ್ಲಿ ಈಗ ಗುರುವಿನ ಎದುರು ದೊರೈ. ಅದು ಆಡುವ ಮೊದಲೇ ಸೋತ ಆಟ. ಪಂದ್ಯ ಉಳಿಯಬೇಕಾದರೆ ನಾನು ಗೆಲ್ಲಲೇಬೇಕು.

ಶಶಿಯಣ್ಣ ಕಿವಿಯಲ್ಲಿ ಉಸುರಿದರು. "ವಾಕ್‌ಓವರ್ ಕೇಳು. ಮುಗಿದುಹೋಗ್ಲಿ."

"ಬೆಳಗ್ಗೆ ಕಾಲು ತುಳಿದಿರಿ."

"ಬೆಳಗ್ಗೆ ಬೇರೆ, ಈಗ ಬೇರೆ."

"ಬೇಡಣ್ಣ. ಆಡ್ತೀನಿ."

ಒಂದೇ ಒಂದು ಷರತ್ತು ಹಾಕಿದೆ. ನಾನು ಕುರ್ಚಿಗೆ ಹೋಗಿ ಕೂತಾಗಲೊಮ್ಮೆ, ಏಳುವ ಮುನ್ನ ಒಮ್ಮೆ, ರಫೀಕ್ ಟೇಬಲ್ಲಿನ ಫೋಟೋ ತೆಗೆಯಬೇಕು. ಚೆಂಡು ಒಂದು ಕೂದಲಷ್ಟು ಸರಿದರೂ ಗೊತ್ತಾಗಬೇಕು. ಸೆಲ್ವಣ್ಣ ಒಪ್ಪಿದರು. "ತೆಗೀರೀಂಗ. ಅಣ್ಣನಿಗೆ ಫೋಟೋ ಅಂದ್ರೆ ಇಷ್ಟ."

ಬ್ರೇಕ್ ಹೊಡೆದೆ. ಪಟ್ಟೆಯ ಚೆಂಡೊಂದು ಬಿತ್ತು, ಪಟ್ಟೆ ನನ್ನದಾಯಿತು. ಇನ್ನೆರಡು ಬೀಳಿಸಿ ಮೂರನೆಯದನ್ನು ತಪ್ಪಿಸಿದೆ. ಹೋಗಿ ಖಾಲಿ ಕುರ್ಚಿಯಲ್ಲಿ ಕೂತೆ.

ಆಗ ಕರೆಂಟು ಹೋಯಿತು.

ದೀಪಗಳಿಂದ ತಿಳಿಯಲಿಲ್ಲ. ಗಾಜಿನ ಹೆಂಚಿನ ಬಿಸಿಲು ಟೇಬಲ್ಲಿನ ಮೇಲೆ ಹಾಗೇ ಇತ್ತು. ತಿಳಿದದ್ದು ಕಿವಿಗೆ. ಊರಿನ ಮಗ್ಗಗಳೆಲ್ಲ ಒಂದೇ ಕ್ಷಣಕ್ಕೆ ನಿಂತವು. ಬೆಳಗಿನಿಂದ ಮರೆತೇ ಹೋಗಿದ್ದ ಸದ್ದು ಇಲ್ಲವಾದಾಗ ನೆಲ ಒಂದಿಷ್ಟು ಕೆಳಗಿಳಿದಂತಾಯಿತು. ಪಕ್ಕದಲ್ಲಿ ಸರೋಜಕ್ಕನ ಉಸಿರು ಕೇಳುತ್ತಿತ್ತು. ಅವರ ತಲೆ ನಿಧಾನಕ್ಕೆ ತಿರುಗಿತು: ಟೇಬಲ್ಲಿನ ಈ ಮೂಲೆಯಿಂದ ಆ ಮೂಲೆಗೆ, ಅಲ್ಲಿ ನಿಂತಿತು, ಸ್ವಲ್ಪ ಬಾಗಿತು. ಬಾಗಿ ಗುರಿ ನೋಡುವ ಗಂಡನನ್ನು ವರ್ಷಗಟ್ಟಲೆ ನೋಡಿದ ಹೆಂಗಸಿನ ಕತ್ತು ಅದು. ಇದನ್ನು ನಾನು ಅಲ್ಲೇ, ಆ ಕ್ಷಣದಲ್ಲೇ, ನನಗೆ ನಾನೇ ವಿವರಿಸಿಕೊಂಡೆ.

"ಆಯ್ತು," ಅಂದರು.

ಎದ್ದೆ. ಎರಡು ಬೀಳಿಸಿದೆ, ತಪ್ಪಿಸಿದೆ, ಕೂತೆ. ಈ ಸಲ ಕಾಯುವಾಗ ನನ್ನ ತಲೆ ಬೇಡವೆಂದರೂ ಅವರ ಕಡೆಯಿಂದ ಟೇಬಲ್ಲನ್ನು ನೋಡತೊಡಗಿತು. ನಾಗರಾಜಣ್ಣ ಆಗಿದ್ದರೆ ಈಗ ಏನು ಮಾಡುತ್ತಿದ್ದೆ? ಚರ್ಚೆಯಲ್ಲಿ ಕಲಿಸುವುದೇ ಅದು, ಎದುರು ಪಕ್ಷದ ಒಳ್ಳೆಯ ವಾದವನ್ನು ನೀನೇ ಮೊದಲು ಹುಡುಕು ಎಂದು. ಹುಡುಕಿದೆ. ಸಿಕ್ಕಿತು. ಅವರ ಹಳದಿ ಚೆಂಡನ್ನು ತಾಗಿ ಬಿಳಿಯನ್ನು ಟೇಬಲ್ಲಿನ ಆ ಬದಿಯ ಅಂಚುಗೋಡೆಗೆ ಅಂಟಿಸಿಬಿಟ್ಟರೆ ನನಗೆ ದಾರಿಯೇ ಇರುವುದಿಲ್ಲ. "ಆಯ್ತು" ಎಂದಾಗ ಎದ್ದು ಹೋಗಿ ನೋಡಿದರೆ ಬಿಳಿ ಚೆಂಡು ಇದ್ದಲ್ಲೇ ಇತ್ತು. ಆದರೂ ಹೊಡೆಯುವ ಮುಂಚೆ ಗೋಡೆಗೆ ಅಂಟಿದ ಚೆಂಡನ್ನು ಹೊಡೆಯುವವಳ ಹಾಗೆ ಕೋಲನ್ನು ಎತ್ತಿ ಹಿಡಿದಿದ್ದೆ. ಮತ್ತೆ ತಪ್ಪಿತು.

ಮೂರನೇ ಸಲ ಕೂತು ಎದ್ದಾಗ ರಫೀಕ್ ನನ್ನನ್ನು ಪಕ್ಕಕ್ಕೆ ಕರೆದ. ಅವನ ಮುಖದಲ್ಲಿ ಎಂದಿನ ಕೀಟಲೆ ಇರಲಿಲ್ಲ.

"ಚೆಂಡೇನೂ ಸರಿದಿಲ್ಲ. ಮೊದಲೂ ಅಷ್ಟೇ, ಆಮೇಲೂ ಅಷ್ಟೇ."

"ಮತ್ತೆ?"

"ಜನಾನ ನೋಡು."

ಫೋಟೋದಲ್ಲಿ ಟೇಬಲ್ಲಿನ ಹಿಂದೆ ಎಲ್ಲರೂ ಇದ್ದರು. ಶಶಿಯಣ್ಣ, ಗುರು, ಡೇವಿಡ್, ಆ ಕಡೆಯವರು, ಕುರ್ಚಿಯಲ್ಲಿ ನಾನು. ಯಾರೂ ಚೆಂಡುಗಳನ್ನು ನೋಡುತ್ತಿರಲಿಲ್ಲ. ಎಲ್ಲರ ಮುಖವೂ ಒಂದೇ ಕಡೆಗೆ, ಟೇಬಲ್ಲಿಗೂ ಎಡಗೋಡೆಗೂ ನಡುವಿನ ಖಾಲಿ ಜಾಗಕ್ಕೆ ತಿರುಗಿತ್ತು. ಎಲ್ಲರೂ ಸ್ವಲ್ಪ ಮೇಲಕ್ಕೆ ನೋಡುತ್ತಿದ್ದೆವು, ಎತ್ತರದ ಮನುಷ್ಯನೊಬ್ಬನ ಮುಖ ನೋಡುವಷ್ಟು.

"ಸರೋಜಕ್ಕ ಎಲ್ಲಿ ನೋಡ್ತಾರೋ ಅಲ್ಲೇ ನಾವೂ ನೋಡ್ತಿದ್ದೀವಿ," ಅಂದೆ. "ಒಬ್ಬರು ಆಕಾಶ ನೋಡಿದ್ರೆ ರಸ್ತೆಯೋರೆಲ್ಲ ನೋಡಲ್ವಾ, ಹಾಗೆ."

"ಸರೋಜಕ್ಕ ಇದರಲ್ಲಿ ಕಣ್ಣು ಮುಚ್ಕೊಂಡಿದ್ದಾರೆ ಕಣೆ."

ಮುಚ್ಚಿತ್ತು. ರೆಪ್ಪೆ ಬಡಿದ ಕ್ಷಣ ಇರಬೇಕು. ಹಾಗೆಂದು ಹೇಳಿ ಟೇಬಲ್ಲಿಗೆ ಹೋದೆ. ಈಗಲೂ ಹಾಗೇ ಹೇಳುತ್ತೇನೆ.

ನನ್ನ ಉಳಿದ ಪಟ್ಟೆಗಳು ಒಂದರ ಹಿಂದೊಂದು ಬಿದ್ದವು. ಕಪ್ಪು ಮಾತ್ರ ಉಳಿಯಿತು, ಸುತ್ತ ನಾಗರಾಜಣ್ಣನ ಏಳು. ದೂರದಿಂದ ಕಪ್ಪಿಗೆ ಹೊಡೆದೆ, ಬೀಳಲಿಲ್ಲ. ತೂತಿನಿಂದ ಒಂದು ಅಡಿ ದೂರ ಹೋಗಿ ನಿಂತಿತು. ಬಿಳಿ ಚೆಂಡು ಟೇಬಲ್ಲಿನ ಅಂಚಿಗೆ ತಾಗಿ ವಾಪಸ್ಸು ಬಂದು ಕಪ್ಪಿನ ಹಿಂದೆ ಒಂದು ಗೇಣಿನಲ್ಲಿ ನಿಂತಿತು. ಹೋಗಿ ಕೂತೆ.

ಆ ಕಾಯುವಿಕೆ ಉಳಿದವುಗಳಂತೆ ಇರಲಿಲ್ಲ. ಸರೋಜಕ್ಕ "ಆಯ್ತು" ಅನ್ನಲೇ ಇಲ್ಲ. ಹೆಂಚಿನ ಬಿಸಿಲು ಟೇಬಲ್ಲಿನಲ್ಲಿ ಒಂದು ಬೆರಳಷ್ಟು ಸರಿಯಿತು. ಗುರು ಕೆಮ್ಮಿದ, ಕೆಮ್ಮಿದ್ದಕ್ಕೆ ತಾನೇ ಬೆಚ್ಚಿದ. ಸರೋಜಕ್ಕನ ತಲೆ ಈ ಸಲ ಮೂಲೆಯಿಂದ ಮೂಲೆಗೆ ಹೋಗಲಿಲ್ಲ. ಒಂದೇ ಕಡೆ, ಕಪ್ಪು ಚೆಂಡಿರುವ ಕಡೆ, ನೆಟ್ಟುಕೊಂಡಿತ್ತು. ಕೊನೆಗೆ ಅವರ ಕೈ ಮಡಿಲಿನ ಕೋಲನ್ನು ಬಿಟ್ಟಿತು.

"ಆಯ್ತು."

ಎದ್ದು ಹೋಗಿ ನೋಡಿದೆ. ಬಿಳಿ, ಕಪ್ಪು, ತೂತು, ಮೂರೂ ಒಂದೇ ಗೆರೆಯಲ್ಲಿ. ಕಣ್ಣು ಕಟ್ಟಿದರೂ ಗುರು ಹೊಡೆಯಬಲ್ಲ ಹೊಡೆತ. ಪೂಲಿನಲ್ಲಿ ಅದಕ್ಕಿಂತ ಸುಲಭವಾದದ್ದಿಲ್ಲ. ಅದರಲ್ಲಿ ಇರುವ ಅಪಾಯವೂ ಒಂದೇ: ಕಪ್ಪು ಬಿದ್ದ ದಾರಿಯಲ್ಲೇ ಬಿಳಿಯೂ ಹಿಂಬಾಲಿಸಿ ಬೀಳಬಹುದು. ಅದಕ್ಕೆ ಮದ್ದು ಎಲ್ಲರಿಗೂ ಗೊತ್ತು, ಬಿಳಿಯ ಕೆಳಭಾಗಕ್ಕೆ ಹೊಡೆದರೆ ಅದು ತಾಗಿದಲ್ಲೇ ನಿಲ್ಲುತ್ತದೆ. ಎಂದೋ ಕಲಿತದ್ದು, ಸಾವಿರ ಸಲ ಮಾಡಿದ್ದು. ಸರೋಜಕ್ಕನ ಮುಖ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ. ಕೆಳಕ್ಕೆ ಗುರಿ ಹಿಡಿದು ಕೆಳಕ್ಕೇ ಹೊಡೆದೆ.

ಕಪ್ಪು ಬಿತ್ತು. ಬಿಳಿ ನಿಂತಿತು. ನಿಂತದ್ದನ್ನು ಎಲ್ಲರೂ ನೋಡಿದರು, ರಫೀಕ್ ಮುಷ್ಟಿ ಮೇಲೆತ್ತಿದ್ದ. ಆಮೇಲೆ ಅದು ಮತ್ತೆ ಉರುಳಿತು. ಅವಸರವಿಲ್ಲದೆ, ಒಂದು ಅಡಿ ದೂರ, ನೇರಕ್ಕೆ, ಕಪ್ಪಿನ ಹಿಂದೆಯೇ ಹೋಗಿ ಬಿತ್ತು.

ಮಗ್ಗಗಳು ನಿಂತ ಆ ಊರಿನಲ್ಲಿ ಎರಡು ಚೆಂಡುಗಳು ಟೇಬಲ್ಲಿನ ಹೊಟ್ಟೆಯೊಳಗೆ ಒಂದಕ್ಕೊಂದು ತಾಗಿದ್ದು ಕೇಳಿಸಿತು.

ಮೊದಲು ಸೆಲ್ವಣ್ಣನ ಮುಖ ಅರಳಿತು. ಅವರು ನನ್ನ ಕಡೆ ಕೈಮುಗಿದರು. ಆ ನಮಸ್ಕಾರದ ಅರ್ಥ ನನಗೆ ತಿಳಿಯಿತು: ಹುಡುಗಿ ದೊಡ್ಡ ಮನಸ್ಸು ಮಾಡಿದಳು.

ಸರೋಜಕ್ಕ ಎದ್ದು ಬಂದರು.

"ಸತ್ಯ ಹೇಳು ಕಣ್ಣು. ಪಾವಂ ಅಂತ ಬಿಟ್ಟೆಯಾ?"

ಸುಲಭದ ಉತ್ತರ ನನ್ನ ಮುಂದೇ ಇತ್ತು. ಹೌದು ಎಂದಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಅವರ ಪಟ್ಟಿ ಉಳಿಯುತ್ತಿತ್ತು, ನನ್ನ ಬುದ್ಧಿಯೂ ಉಳಿಯುತ್ತಿತ್ತು, ಜಗತ್ತು ಇದ್ದ ಹಾಗೇ ಇರುತ್ತಿತ್ತು.

"ಇಲ್ಲಕ್ಕಾ. ಗೆಲ್ಲೋಕೇ ಹೊಡೆದೆ."

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಬಟ್ಟೆಯ ಅಂಗಡಿಯಲ್ಲಿ ಸೆರಗನ್ನು ಬೆಳಕಿಗೆ ಹಿಡಿದು ಎಳೆ ನೋಡುತ್ತಾರಲ್ಲ, ಹಾಗೆ.

"ಆಮಾ," ಅಂದರು. "ಅವರು ಚೆಂಡನ್ನ ಹಂಗೇ ಬಿಟ್ಟು ಬರೋರು. ಸುಲಭ ಇದೆ ಅನ್ನೋ ಹಂಗೆ. ಹೊಡೆದೋರೇ ಬೀಳ್ಬೇಕು."

ಸೆಲ್ವಣ್ಣನ ಕೈಯಿಂದ ಚೀಟಿಯನ್ನೂ ಪೆನ್ನನ್ನೂ ತೆಗೆದುಕೊಂಡರು. ಟೇಬಲ್ಲಿನ ಅಂಚಿನ ಮೇಲೆ ಇಟ್ಟು, ಗಂಡನ ಹೆಸರಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು.

"ಅತ್ತಿಗೆ! ಅಣ್ಣ ಗೆದ್ದವರೆ. ಗೆದ್ದೋರನ್ನ ಯಾರಾದ್ರೂ ತೆಗೀತಾರಾ?"

"ಇಷ್ಟು ದಿನ ಗೆದ್ದಿರ್ಲಿಲ್ಲ, ಅದಕ್ಕೆ ಕೂತಿದ್ರು ಸೆಲ್ವಾ. ಇವತ್ತು ಗೆದ್ರು. ಇನ್ನೇನ್ ಕೆಲ್ಸ ಅವರಿಗೆ ಇಲ್ಲಿ?"

ಸೆಲ್ವಣ್ಣ ನನ್ನನ್ನು ನೋಡಿದರು, ಈ ಸಲ ಕೈಮುಗಿಯದೆ. ಒಂದೇ ಒಂದು ಸುಳ್ಳು ಹೇಳಿದ್ದರೆ ಅವರಿಗೆ ಅವರ ಅಣ್ಣ ಉಳಿಯುತ್ತಿದ್ದ. ಅವರ ಕಣ್ಣುಗಳಲ್ಲಿ ನೀರಿತ್ತು.

ಕರೆಂಟು ಬಂತು. ಮಗ್ಗಗಳು ಒಂದೊಂದಾಗಿ ಶುರುವಾದವು. ಐದನೇ ಆಟದಲ್ಲಿ ದೊರೈ ಗುರುವನ್ನು ಸೋಲಿಸಿದ. ಯಾರೂ ಅದನ್ನು ಸರಿಯಾಗಿ ನೋಡಲಿಲ್ಲ.

ವಾಪಸ್ಸು

ಹೊರಡುವ ಮುನ್ನ ಟೇಬಲ್ಲಿನ ಮಟ್ಟ ನೋಡಿದೆ, ಫೋನಿನಲ್ಲಿ, ಆಮೇಲೆ ನೀರಿನ ಲೋಟ ಇಟ್ಟು. ಮುಚ್ಚಿದ ಗುಂಡಿಯ ಮೇಲೆ ಒಂದು ಕಾಲಿರಬಹುದು, ನೆಲ ಕುಸಿದಿರಬಹುದು ಎಂಬುದು ನನ್ನ ಅನುಮಾನವಾಗಿತ್ತು. ಕುಸಿದಿರಲಿಲ್ಲ. ಆ ತೂತಿನ ಕಡೆಗೆ ಟೇಬಲ್ಲು ಇಳಿಜಾರಿರಲಿಲ್ಲ, ಅಷ್ಟೋ ಇಷ್ಟೋ ಏರಿತ್ತು. ಬಿಳಿ ಚೆಂಡನ್ನು ಅದೇ ಜಾಗದಲ್ಲಿ ಇಟ್ಟು ಕೈಬಿಟ್ಟೆ. ಇಟ್ಟಲ್ಲೇ ಇತ್ತು.

ಬಸ್ಸಿನಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಫೈನಲ್ ತಪ್ಪಿಸಿದವಳಿಗೆ ಶಶಿಯಣ್ಣ ಕಿಟಕಿಯ ಸೀಟು ಬಿಟ್ಟುಕೊಟ್ಟರು. ಗುರು ತನ್ನ ಚಿಕ್ಕಿ ಪೊಟ್ಟಣವನ್ನು ನನ್ನ ಕೈಗಿಟ್ಟ. ಬಹಳ ದೂರ ಬಂದ ಮೇಲೆ ರಫೀಕ್ ಮೆಲ್ಲಗೆ ಬಾಯಿಬಿಟ್ಟ.

"ನಮ್ಮ ಹತ್ರ ಆದ್ರೂ ನಿಜ ಹೇಳು. ಆ ಹೊಡೆತ ಯಾರಿಗೂ ತಪ್ಪಲ್ಲ. ಬಿಟ್ಟುಕೊಟ್ಟೆ ತಾನೆ?"

"ಇಲ್ಲ."

"ಒಳ್ಳೇ ಕೆಲಸಾನೇ ಮಾಡಿದ್ದೀಯ. ಅದರಲ್ಲಿ ನಾಚಿಕೆ ಏನಿದೆ?"

"ಬಿಟ್ಟುಕೊಟ್ಟಿಲ್ಲ ಕಣೋ. ತಳಕ್ಕೇ ಹೊಡೆದೆ. ಬಿಳಿ ನಿಂತಿತ್ತು. ನೀನೇ ನೋಡಿದೆ."

"ನಿಂತ ಹಾಗೆ ಕಾಣ್ತು. ನಿಂತ ಚೆಂಡು ತಾನಾಗೇ ಹೇಗೆ ಉರುಳುತ್ತೆ?" ಅವನು ನಕ್ಕ. "ಬೆಳಗ್ಗೆ ನೀನೇ ಹೇಳಿದ್ದಲ್ವಾ, ಇದರಲ್ಲಿ ದೆವ್ವದ ಪಾತ್ರ ಎಲ್ಲಿ ಬಂತು ಅಂತ."

ಶಶಿಯಣ್ಣ, ಗುರು, ಡೇವಿಡ್ ಮೂವರೂ ತಲೆಯಾಡಿಸಿದರು. ಅವರ ವಾದದಲ್ಲಿ ತಪ್ಪಿರಲಿಲ್ಲ. ನಾನೇ ಆ ಪಕ್ಷದಲ್ಲಿದ್ದಿದ್ದರೆ ಅದನ್ನೇ ಹೇಳುತ್ತಿದ್ದೆ, ಇನ್ನೂ ಚೆನ್ನಾಗಿ ಹೇಳುತ್ತಿದ್ದೆ. ಕಿಟಕಿಗೆ ತಲೆಯಾನಿಸಿ ಮೈಸೂರಿನವರೆಗೂ ನನ್ನ ಪಕ್ಷಕ್ಕೊಂದು ಸಾಕ್ಷಿ ಹುಡುಕಿದೆ. ನಾನು ಬಿಟ್ಟುಕೊಟ್ಟಿಲ್ಲ ಎಂದು ಖಂಡಿತವಾಗಿ ಬಲ್ಲವರು ಆ ಶೆಡ್ಡಿನಲ್ಲಿ ಇನ್ನೊಬ್ಬರಿದ್ದರು. ಅವರ ಹೆಸರನ್ನು ಆಗಲೇ ಹೊಡೆದುಹಾಕಿ ಆಗಿತ್ತು.